ಅಶ್ವತ್ಥ್ ಹೋದ ದಿನ ನೀವೆಲ್ಲಿದ್ದಿರಿ? 29ರ ಬಗ್ಗೆ ಮಾತ್ರ ಬರೆಯಿರಿ

ಹಳೇ ಕ್ಯಾಸೆಟ್

ಡಿಸೆಂಬರ್ ಕೊನೆ ವಾರ ಬಂದಾಗೆಲ್ಲ ನನಗೆ ಇದೇ ಸಂಕಟ. 30ನೇ ತಾರೀಕು ವಿಷ್ಣುವರ್ಧನ್ ಅವರನ್ನು ಊರೂರಲ್ಲಿ ನೆನೆಯುತ್ತಾರೆ. ನೆನೆಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರ ಹಿಂದಿನ ದಿನ ಸುಮ್ನೆ ಕಳೆದು ಹೋಗುತ್ತದೆ. 2009ರ ಡಿಸೆಂಬರ್ 29, ಮಂಗಳವಾರ, ಗಾಯಕ, ಸಂಗೀತ ಸಂಯೋಜಕ ಸಿ. ಅಶ್ವತ್ಥ್ ಹೋದರು. ಅವತ್ತೇ ಅವರ ಹುಟ್ಟಿದ ದಿನ. 1939ರ ಅದೇ ತಾರೀಕಿಗೆ ಹುಟ್ಟಿದವರು ಎಪ್ಪತ್ತು ತುಂಬಿದ ದಿನವೇ ಬೆಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಮಾರನೇ ದಿನ ಬೆಳಗಾಗುವಷ್ಟರಲ್ಲಿ ಮೈಸೂರಿನಿಂದ ವಿಷ್ಣು ಸುದ್ದಿ ಬಂತು. ಅಲ್ಲಿಗೆ ಅಶ್ವತ್ಥ್ ಅವರಿಗಾಗಿ ಅಳಲು ನಮಗಿದ್ದ ಹೊತ್ತು ಮುಗಿಯಿತು.

ನಾನು ಆಗ ಹಾಸನದಲ್ಲಿದ್ದೆ. ಅಶ್ವತ್ಥ್ ನಮ್ಮ ಜಿಲ್ಲೆಯ ಚನ್ನರಾಯಪಟ್ಟಣದಲ್ಲಿ ಹುಟ್ಟಿದವರು, ಹಾಗಾಗಿ ನಮ್ಮ ಮನೆಯಲ್ಲಿ ಅವರ ಮೇಲೆ ಒಂಚೂರು ಜಾಸ್ತಿ ಹಕ್ಕು. 30ರ ಬೆಳಿಗ್ಗೆ ಪೇಪರ್ ಬಿಡಿಸಿದರೆ ಮೊದಲ ಪುಟದಲ್ಲಿ ಅಶ್ವತ್ಥ್. ಎದುರಿಗೆ ಟಿವಿ ಹಾಕಿದರೆ ವಿಷ್ಣು. ಪೇಪರ್ ರಾತ್ರಿಯೇ ಅಚ್ಚಾಗಿ ಊರಿಗೆ ಹೊರಟಿತ್ತು, ಅದಕ್ಕೆ ಹೊಸ ಸುದ್ದಿ ಗೊತ್ತಿರಲಿಲ್ಲ. ಟಿವಿಯಲ್ಲಿ ಆಗಲೇ ಅಶ್ವತ್ಥ್ ಇರಲಿಲ್ಲ. ಅಮ್ಮ ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಬಂದು, ಒಮ್ಮೆ ಪೇಪರ್, ಒಮ್ಮೆ ಟಿವಿ ನೋಡಿ, ಏನೂ ಮಾತಾಡದೆ ಒಳಗೆ ಹೋದರು.

ಈ ಎಳೆ ತೆರೆದಿದ್ದು ಅದಕ್ಕೇ. ಯಾರನ್ನು ಕೇಳಿದರೂ ‘ಅಯ್ಯೋ ಆ ಎರಡು ದಿನ’ ಅಂತಾರೆ. ಎರಡೂ ಕಲೆಸಿ ಒಂದಾಗಿಬಿಟ್ಟಿದೆ. 29ರ ದಿನ ನೀವೆಲ್ಲಿದ್ದಿರಿ, ಯಾರು ಹೇಳಿದರು, ಅವತ್ತು ಯಾವ ಹಾಡು ಕೇಳಿದಿರಿ, ಅದನ್ನು ಬರೆಯಿರಿ. ಆ ದಿನವನ್ನು ಬಿಡಿಸಿ ಪಕ್ಕಕ್ಕೆ ಇಡಬೇಕು ಅಂತ ನನ್ನ ಆಸೆ.

ದೂರವಾಣಿನಗರ

ಬರೆಯುತ್ತೇನೆ. ನಮ್ಮಪ್ಪ ಐಟಿಐ ಟೆಲಿಫೋನ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. ಅಶ್ವತ್ಥ್ ಕೂಡ ಅದೇ ಕಾರ್ಖಾನೆಯಲ್ಲಿ 27 ವರ್ಷ ದುಡಿದು 1992ರಲ್ಲಿ ನಿವೃತ್ತರಾದವರು ಅಂತ ಎಷ್ಟು ಜನಕ್ಕೆ ಗೊತ್ತು? ಹಗಲು ಟೆಲಿಫೋನ್ ಕಾರ್ಖಾನೆ, ಮಿಕ್ಕ ಹೊತ್ತು ನಾಟಕ, ಸಿನಿಮಾ, ಕ್ಯಾಸೆಟ್. ‘ಕಾಕನ ಕೋಟೆ’ಗೆ ಸಂಗೀತ ಮಾಡಿದಾಗಲೂ, ಷರೀಫರ ಹಾಡು ಮನೆಮನೆಗೆ ಹೋದಾಗಲೂ ಅವರು ಕೆಲಸದಲ್ಲಿದ್ದವರೇ. ಅಪ್ಪನ ವಿಭಾಗ ಬೇರೆ, ದೂರದಿಂದ ನೋಡಿದ್ದಷ್ಟೆ. ಆದರೂ ಮನೆಯಲ್ಲಿ ‘ನಮ್ಮ ಅಶ್ವತ್ಥ್’ ಅಂತಲೇ ಹೇಳೋರು. ಕಾರ್ಖಾನೆಯವರಿಗೆಲ್ಲ ಅವರು ಹಾಗೇ.

29ರ ದಿನ ಅಪ್ಪನ ಹಳೇ ಸಹೋದ್ಯೋಗಿ ಒಬ್ಬರು ಲ್ಯಾಂಡ್‌ಲೈನಿಗೆ ಫೋನ್ ಮಾಡಿ ಹೇಳಿದರು. ಅಪ್ಪ ಫೋನಿಟ್ಟು ಟಿವಿ ಹಾಕಲಿಲ್ಲ. ಅಟ್ಟದ ಮೇಲಿನ ಕ್ಯಾಸೆಟ್ ಡಬ್ಬ ಇಳಿಸಿದರು. ಕ್ಯಾಸೆಟ್ ಒಳಗೆ ಹಾಡಿನ ಸಾಹಿತ್ಯ ಅಚ್ಚು ಹಾಕಿದ ಉದ್ದನೆಯ ಕಾಗದ ಮಡಚಿ ಇಡುತ್ತಿದ್ದರಲ್ಲ, ಸಾಸಿವೆ ಕಾಳಷ್ಟು ಸಣ್ಣ ಅಕ್ಷರ, ಅದು ಮಡಿಕೆ ಇದ್ದಲ್ಲೆಲ್ಲ ಹರಿದಿತ್ತು. ಅಮ್ಮ ಯಾವಾಗಲೋ ಹಿಂದೆ ಗಮ್ ಟೇಪ್ ಅಂಟಿಸಿದ್ದರು. ಟೇಪ್ ಹಳದಿ ಆಗಿ, ಅದರಡಿ ಇದ್ದ ಎರಡು ಸಾಲು ಓದಲು ಬರದ ಹಾಗೆ ಮಾಸಿತ್ತು. ಅಪ್ಪ ಕನ್ನಡಕ ಹಾಕಿಕೊಂಡು ಆ ಎರಡು ಸಾಲನ್ನು ನೆನಪಿನಿಂದ ಪೆನ್ನಿನಲ್ಲಿ ತುಂಬಿದರು. ಕೆ.ಎಸ್. ನರಸಿಂಹಸ್ವಾಮಿ ಅವರ ಪದ್ಯ. ಸಂಜೆವರೆಗೂ ಅದೇ ಕ್ಯಾಸೆಟ್ ತಿರುಗಿಸಿ ತಿರುಗಿಸಿ ಹಾಕಿದರು.

ನನಗೆ ಆ ದಿನ ಅಂದರೆ ಆ ಕಾಗದ.

ಬನಶಂಕರಿ ಎರಡನೇ ಹಂತ

ಆ ವರ್ಷವೇ ಸರಿ ಇರಲಿಲ್ಲ ಅನಿಸುತ್ತದೆ. ಜನವರಿ 17ಕ್ಕೆ ರಾಜು ಅನಂತಸ್ವಾಮಿ ಹೋದರು, ಇನ್ನೂ ಚಿಕ್ಕ ವಯಸ್ಸು. ಜುಲೈ 21ಕ್ಕೆ ಹುಬ್ಬಳ್ಳಿಯಲ್ಲಿ ಗಂಗೂಬಾಯಿ ಹಾನಗಲ್. ಡಿಸೆಂಬರಿಗೆ ಅಶ್ವತ್ಥ್. ಕನ್ನಡದ ದನಿ ಅಂತ ನಾವು ಯಾವುದನ್ನು ಕರೆಯುತ್ತಿದ್ದೆವೋ ಅದರಲ್ಲಿ ಮೂರು ಒಂದೇ ವರ್ಷದಲ್ಲಿ ನಿಂತವು.

29ರಂದು ನಾನು ಆಫೀಸಿನಲ್ಲಿದ್ದೆ. ಆಗ ವಾಟ್ಸಾಪ್ ಎಲ್ಲಿತ್ತು, ಎಸ್ಸೆಮ್ಮೆಸ್ ಬಂತು. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದ ಒಂದೇ ಸಾಲು. ನನ್ನ ಪಕ್ಕ ಕೂರುತ್ತಿದ್ದವಳು ತಮಿಳಿನವಳು, ಯಾಕೆ ಮುಖ ಹೀಗಾಯ್ತು ಅಂತ ಕೇಳಿದಳು. ಏನು ಹೇಳಲಿ? ಹೆಡ್‌ಫೋನ್ ಕೊಟ್ಟು ‘ಕಾಣದ ಕಡಲಿಗೆ’ ಕೇಳಿಸಿದೆ. ಪೂರ್ತಿ ಕೇಳಿದಳು. ಅರ್ಥ ಕೇಳಲಿಲ್ಲ.

ಶಿಗ್ಗಾವಿಯಾಕಿ

ನಮ್ಮೂರಿನಿಂದ ಶಿಶುನಾಳ ಹತ್ತಿರವೇ. ನಮ್ಮ ಕಡೆ ಷರೀಫಜ್ಜನ ಪದ ಅಂದರೆ ಯಾರೋ ಒಬ್ಬರು ಮೈಕ್ ಮುಂದೆ ನಿಂತು ಹಾಡೋದು ಅಲ್ಲ. ಭಜನಿ ಮೇಳದವರು ಕೂತು, ಏಕತಾರಿ, ದಮ್ಮಡಿ, ತಾಳ ಹಿಡಿದು, ಒಬ್ಬರು ಎತ್ತಿಕೊಟ್ಟರೆ ಉಳಿದವರು ಹಿಡಿದುಕೊಂಡು ರಾತ್ರಿಯಿಡೀ ಹಾಡುವುದು. ಒಂದೇ ಪದ ಅರ್ಧ ತಾಸು ನಡೆಯುತ್ತದೆ. ನಡುವೆ ಒಬ್ಬರು ನಿಲ್ಲಿಸಿ ಅರ್ಥ ಹೇಳುತ್ತಾರೆ, ಮತ್ತೆ ಶುರು.

ಅಶ್ವತ್ಥ್ ಕ್ಯಾಸೆಟ್ ಬಂದಾಗ ನಮ್ಮಜ್ಜ ಮೊದಲು ಒಪ್ಪಲಿಲ್ಲ. ‘ಇಷ್ಟು ಲಗೂ ಯಾಕ ಮುಗಿಸ್ತಾನ ಇಂವ’ ಅಂದಿದ್ದರು. ‘ಕೋಡಗನ್ನ ಕೋಳಿ ನುಂಗಿತ್ತಾ’ ಕೇಳಿ ಕುಣಿದವರು ಹುಡುಗರು, ಅಜ್ಜ ಅಲ್ಲ. ಆದರೆ ಮುಂದೆ ಏನಾಯಿತು ಅಂದರೆ, ಜಾತ್ರೆಗೆ ಮೈಸೂರು, ಕೋಲಾರ, ಮಂಡ್ಯ ಕಡೆಯ ಮಂದಿ ಬರತೊಡಗಿದರು. ಅವರಿಗೆ ನಮ್ಮ ಮಾತು ಪೂರಾ ತಿಳಿಯುವುದಿಲ್ಲ, ಪದ ಮಾತ್ರ ಬಾಯಿಪಾಠ. ಅಜ್ಜ ಅವರನ್ನು ಕೂರಿಸಿಕೊಂಡು ಅರ್ಥ ಹೇಳುತ್ತಿದ್ದರು. ಒಮ್ಮೆ ಅವರೇ ಅಂದರು, ‘ಪದಾನ ಗದ್ದಿಗಿಯಿಂದ ಎಬ್ಬಿಸಿಕೊಂಡು ನಾಡೆಲ್ಲ ತಿರುಗಿಸಿದ ನೋಡು.’ ಅದಕ್ಕಿಂತ ದೊಡ್ಡ ಮಾತು ಅವರ ಬಾಯಲ್ಲಿ ಯಾರ ಬಗ್ಗೆಯೂ ಬಂದಿದ್ದು ನಾನು ಕೇಳಿಲ್ಲ.

ಈಗ 29ರ ವಿಷಯ. ಸುದ್ದಿ ಬಂದಾಗ ಅಜ್ಜ ಕಟ್ಟೆ ಮೇಲೆ ಕೂತಿದ್ದರು. ಹುಟ್ಟಿದ ದಿನವೇ ಹೋದರಂತೆ, ಎಪ್ಪತ್ತಕ್ಕೆ, ಅಂತ ಅಪ್ಪ ಹೇಳಿದರು. ಅಜ್ಜ ತಟ್ಟನೆ ತಲೆ ಎತ್ತಿದರು. ಯಾಕೆಂದರೆ ಷರೀಫಜ್ಜನೂ ಹಾಗೇ ಹೋದವರು. 1819ರಲ್ಲಿ ಹುಟ್ಟಿ 1889ರಲ್ಲಿ, ಹುಟ್ಟಿದ ದಿನದಂದೇ, ಎಪ್ಪತ್ತು ತುಂಬಿದಾಗಲೇ. ನಮ್ಮ ಕಡೆ ಇದು ಸಣ್ಣ ಮಕ್ಕಳಿಗೂ ಗೊತ್ತಿರುವ ವಿಷಯ. ಅವತ್ತು ಸಂಜೆ ಮೇಳದವರಿಗೆ ಹೇಳಿ ಕಳಿಸಿ ಭಜನಿ ಇಡಿಸಿದರು. ಅಶ್ವತ್ಥ್ ಹೆಸರಿನಲ್ಲಿ, ನಮ್ಮ ಹಳೇ ಧಾಟಿಯಲ್ಲಿ. ಯಾರೂ ಕ್ಯಾಸೆಟ್ ಧಾಟಿ ಹಿಡಿಯಲಿಲ್ಲ, ಅದೇ ಅವರಿಗೆ ಕೊಡುವ ಮರ್ಯಾದೆ ಅಂತ ಅಜ್ಜ.

ಹಳೇ ಕ್ಯಾಸೆಟ್

ಅಕ್ಕಾ, ಇದನ್ನು ಓದಿ ಮೈ ಜುಮ್ಮೆಂದಿತು. ಷರೀಫರೂ ಹುಟ್ಟಿದ ದಿನವೇ ಹೋದರು ಅನ್ನುವುದು ಗೊತ್ತಿತ್ತು, ಅಶ್ವತ್ಥ್ ಗೊತ್ತು, ಆದರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿರಲಿಲ್ಲ. ಇದು ಪೇಪರಿನಲ್ಲಿ ದೊಡ್ಡದಾಗಿ ಬರಬೇಕಿದ್ದ ವಿಷಯ. ನಮ್ಮ ಮನೆಗೆ ಬರುವ ಪೇಪರಿನಲ್ಲಿ ನೋಡಿದ ನೆನಪಿಲ್ಲ. 31ರ ಪೇಪರಿನಲ್ಲಿ ಬೇರೇನಕ್ಕೂ ಜಾಗವೇ ಇರಲಿಲ್ಲ.

ಕಾಳಿಂಗರಾಯರ ಶಿಷ್ಯ

ನೀವೆಲ್ಲ ಹೀಗೆ ಬರೆಯುವಾಗ ನಾನು ಅಡ್ಡ ಮಾತಾಡುತ್ತಿದ್ದೇನೆ ಅಂತ ಬೇಸರ ಬೇಡ. ನಾನು ಹಳೇ ತಲೆಮಾರಿನ ಕೇಳುಗ. ಪಿ. ಕಾಳಿಂಗರಾಯರನ್ನು ಕೇಳಿ ಬೆಳೆದವನು, ಮೈಸೂರು ಅನಂತಸ್ವಾಮಿಯವರನ್ನು ಎದುರು ಕೂತು ಕೇಳಿದವನು. ಅಶ್ವತ್ಥ್ ದೊಡ್ಡ ಸಂಯೋಜಕರು, ಒಪ್ಪುತ್ತೇನೆ. ಆದರೆ ಕೊನೆಕೊನೆಗೆ ಪದ್ಯಕ್ಕಿಂತ ಅಬ್ಬರ ಜಾಸ್ತಿಯಾಯಿತು. ಕೀಬೋರ್ಡು, ದೊಡ್ಡ ತಂಡ, ತಾರಸ್ಥಾಯಿಯಲ್ಲಿ ಎಳೆದು ನಿಲ್ಲಿಸುವುದು. ಅನಂತಸ್ವಾಮಿ ಹಾಡಿದರೆ ಪದ್ಯ ಮುಂದೆ ಬಂದು ಕೂರುತ್ತಿತ್ತು, ಗಾಯಕ ಹಿಂದೆ. ಅಶ್ವತ್ಥ್ ಹಾಡಿದರೆ ಅಶ್ವತ್ಥ್ ಮುಂದೆ. ಭಾವಗೀತೆಯನ್ನು ಮೈದಾನಕ್ಕೆ ಎಳೆದು ತಂದಾಗ ಅದರಲ್ಲಿದ್ದ ಮೆಲುದನಿ ಹೋಗುತ್ತದೆ. ಇದನ್ನು ಅವರು ಬದುಕಿದ್ದಾಗಲೂ ಹೇಳಿದ್ದೇನೆ, ಈಗಲೂ ಹೇಳುತ್ತೇನೆ.

29ರಂದು ನನಗೂ ದುಃಖ ಆಯಿತು. ಅದು ಬೇರೆ.

ತಬಲಾ ಕೈ

ಹಿರಿಯರೇ, ನಿಮ್ಮ ಮಾತಿಗೆ ಗೌರವ ಇಟ್ಟುಕೊಂಡೇ ಜಗಳ ಆಡುತ್ತೇನೆ. ನಾನು ಶಿವಮೊಗ್ಗ ಕಡೆ ಸುಗಮ ಸಂಗೀತಕ್ಕೆ ತಬಲಾ ನುಡಿಸುವವನು. ಅಶ್ವತ್ಥ್ ಅವರ ಜೊತೆ ನುಡಿಸುವ ಭಾಗ್ಯ ಸಿಗಲಿಲ್ಲ, ಆದರೆ ಅವರ ಹಾಡಿಗೆ ಸಾಥ್ ಕೊಡದೆ ನಮಗೆ ಒಂದು ಕಾರ್ಯಕ್ರಮವೂ ಮುಗಿಯುವುದಿಲ್ಲ.

ಅವರದ್ದು ಬರೀ ಅಬ್ಬರ ಅನ್ನುವವರು ‘ಕಾಣದ ಕಡಲಿಗೆ’ ಮತ್ತೆ ಕೇಳಬೇಕು. ಜಿ.ಎಸ್. ಶಿವರುದ್ರಪ್ಪನವರ ಪದ್ಯ ಅದು. ಪದ್ಯದಲ್ಲಿ ಇರುವುದು ಹಂಬಲ, ಹಾಗಾಗಿ ಹಾಡು ಕೆಳಗಿನಿಂದ ಹತ್ತಬೇಕು, ಹತ್ತಿ ಮುಟ್ಟದೆ ಮತ್ತೆ ಇಳಿಯಬೇಕು. ಅವರು ದನಿ ಏರಿಸುವುದು ಪ್ರಶ್ನೆ ಇರುವ ಕಡೆ. ಸುಮ್ನೆ ಗಂಟಲು ತೋರಿಸಲು ಅಲ್ಲ. ನುಡಿಸುವವನಿಗೆ ಇದು ಕೈಯಲ್ಲೇ ತಿಳಿಯುತ್ತದೆ. ಅವರು ಏರುವಾಗ ನಾವು ಠೇಕಾ, ಅಂದರೆ ತಾಳದ ಪೆಟ್ಟು, ತುಂಬಿಸಿದರೆ ಹಾಡು ಕೆಡುತ್ತದೆ, ಎಡಗೈಯ ಬಾಯಾ ಕಡಿಮೆ ಮಾಡಿ ಬಿಟ್ಟುಕೊಡಬೇಕು. ಷರೀಫರ ಪದಕ್ಕೆ ಬಂದರೆ ಪೂರ್ತಿ ಉಲ್ಟಾ. ಅಲ್ಲಿ ನಡೆ ಗಟ್ಟಿ ಇರಬೇಕು, ಜನ ಕೈ ತಟ್ಟುವ ಹಾಗೆ, ಭಜನೆಯ ನೆಲ ಬಿಡಬಾರದು. ಅವರು ದೇವಗಿರಿ ಶಂಕರರಾವ್ ಅವರ ಹತ್ತಿರ ಹಿಂದೂಸ್ತಾನಿ ಕಲಿತವರು. ಆ ಪಾಠ ಹಾಡಿನೊಳಗೆ ಇದೆ, ಆದರೆ ಎಲ್ಲೂ ರಾಗ ತೋರಿಸಲು ನಿಲ್ಲುವುದಿಲ್ಲ. ಎಲ್. ವೈದ್ಯನಾಥನ್ ಜೊತೆ ಸೇರಿ ಅಶ್ವತ್ಥ್-ವೈದಿ ಹೆಸರಲ್ಲಿ ಮಾಡಿದ ಸಿನಿಮಾ ಹಾಡುಗಳನ್ನು ಕೇಳಿ, ‘ಆಲೆಮನೆ’ಯ ‘ನಮ್ಮೂರ ಮಂದಾರ ಹೂವೇ’ ಸಾಕು. ಅಷ್ಟು ಮೆತ್ತಗೆ ಇರುವ ಹಾಡಿನಲ್ಲಿ ಅಬ್ಬರ ಎಲ್ಲಿದೆ?

29ರ ದಿನ ನಮ್ಮ ತಂಡಕ್ಕೆ ಅಭ್ಯಾಸ ಇತ್ತು. ಹೊಸ ವರ್ಷದ ಕಾರ್ಯಕ್ರಮಕ್ಕೆ. ಹಾಡುವ ಹುಡುಗಿ ಬಂದು ಸುದ್ದಿ ಹೇಳಿದಳು. ಹಾರ್ಮೋನಿಯಂನವರು ಪಟ್ಟಿ ತೆಗೆದು ನೋಡಿದರು, ನಾವು ಹಾಡಲು ಬರೆದಿಟ್ಟಿದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಅವರವೇ. ಯಾರಿಗೂ ನುಡಿಸಲು ಆಗಲಿಲ್ಲ. ಚೀಲ ಕಟ್ಟಿ ಎದ್ದೆವು.

ಕಾಳಿಂಗರಾಯರ ಶಿಷ್ಯ

‘ನಮ್ಮೂರ ಮಂದಾರ ಹೂವೇ’ಗೆ ನನ್ನದೇನೂ ತಕರಾರಿಲ್ಲಪ್ಪ. ನಾನು ಹೇಳಿದ್ದು ಕೊನೆಯ ವರ್ಷಗಳ ದೊಡ್ಡ ವೇದಿಕೆಗಳ ಬಗ್ಗೆ. ನಾಡಗೀತೆ ವಿಷಯದಲ್ಲೂ ಧಾಟಿ ಅನಂತಸ್ವಾಮಿಯವರದ್ದೇ ಸರಿ ಅಂತ 2022ರಲ್ಲಿ ಸರ್ಕಾರವೇ ಆದೇಶ ಮಾಡಿತಲ್ಲ.

ತಬಲಾ ಕೈ

ಆ ಆದೇಶಕ್ಕೆ ಮುಂಚೆ ಎಷ್ಟು ವರ್ಷ ಶಾಲೆ, ಸಭೆಗಳಲ್ಲಿ ಅಶ್ವತ್ಥ್ ಧಾಟಿಯಲ್ಲೂ ಹಾಡಿದ್ದಾರೆ ಅನ್ನುವುದೂ ನಿಜ ಅಲ್ವಾ. ಎರಡೂ ಧಾಟಿ ಕನ್ನಡಿಗರ ಗಂಟಲಲ್ಲಿ ಇವೆ. ಎರಡು ಮನೆಯವರ ಜಗಳ ಮಾಡೋದು ಬೇಡ, ಇಬ್ಬರೂ ಈಗಿಲ್ಲ.

ಹಳೇ ಕ್ಯಾಸೆಟ್

ನಾಡಗೀತೆ ಚರ್ಚೆ ಇಲ್ಲಿಗೆ ಸಾಕು, ದಯವಿಟ್ಟು. ಆದರೆ ಮೈದಾನದ ಬಗ್ಗೆ ಒಂದು ಮಾತು ಹೇಳಲೇಬೇಕು. 2005ರಲ್ಲಿ ಬೆಂಗಳೂರು ಅರಮನೆ ಮೈದಾನದಲ್ಲಿ ‘ಕನ್ನಡವೇ ಸತ್ಯ’ ನಡೆಯಿತು. ಲಕ್ಷಕ್ಕೂ ಮೀರಿ ಜನ ಸೇರಿದ್ದರು. ಸಿನಿಮಾ ತಾರೆಯರ ಕುಣಿತ ನೋಡಲು ಅಲ್ಲ, ಕುವೆಂಪು, ಬೇಂದ್ರೆ, ಜಿಎಸ್ಸೆಸ್, ಷರೀಫರ ಸಾಹಿತ್ಯ ಕೇಳಲು. ನಾನು ಹಾಸನದಿಂದ ಬಸ್ಸಲ್ಲಿ ಹೋಗಿದ್ದೆ. ನಮ್ಮ ಪಕ್ಕ ಒಂದು ಕುಟುಂಬ, ತಾತ, ಮಗ, ಸೊಸೆ, ತೊಡೆ ಮೇಲೆ ಮಗು. ಸೊಸೆಗೆ ಪದ್ಯ ಪೂರ್ತಿ ಬರುತ್ತಿತ್ತು, ತಾತನಿಗೆ ಮೊದಲ ಸಾಲು ಮಾತ್ರ. ಪ್ರತಿ ಸಲ ಮೊದಲ ಸಾಲು ಬಂದಾಗ ಅವರು ದನಿ ಸೇರಿಸುತ್ತಿದ್ದರು. ವೇದಿಕೆ ಮೇಲೆ ಆ ಮನುಷ್ಯ ಎರಡೂ ಕೈ ಎತ್ತಿ ನಮ್ಮನ್ನೆಲ್ಲ ಹಾಡಿಸುತ್ತಿದ್ದರು. ಅಲ್ಲಿ ಮೆಲುದನಿ ಇರಲಿಲ್ಲ, ಒಪ್ಪಿದೆ. ಆದರೆ ಒಂದು ಪದ್ಯವನ್ನು ಅಷ್ಟು ಜನ ಒಟ್ಟಿಗೆ ಹಾಡಿದ್ದನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಬೆಂಗಳೂರಿನಲ್ಲಿ ಕನ್ನಡ ಕೇಳಿಸಲ್ಲ ಅಂತ ಎಲ್ಲರೂ ಹಲುಬುತ್ತಿದ್ದ ಕಾಲ ಅದು. ಆ ರಾತ್ರಿ ಕೇಳಿಸಿತು.

ಅಂಥವರು ಹೋದಾಗ ಅಷ್ಟೇ ದೊಡ್ಡದಾಗಿ ಅಳಬೇಕಿತ್ತು ನಾಡು. ಅದಕ್ಕೆ ಅವಕಾಶವೇ ಆಗಲಿಲ್ಲ ಅನ್ನುವುದು ನನ್ನ ನೋವು.

ಸಿಂಹಾದ್ರಿ

ನಾನು ವಿಷ್ಣು ಅಭಿಮಾನಿ, ಕಟ್ಟಾ. ಈ ಎಳೆ ನೋಡಿ ಮೊದಲು ಸಿಟ್ಟು ಬಂತು, ನಮ್ಮ ಯಜಮಾನರು ಹೋಗಿದ್ದು ಯಾರದೋ ಸರದಿ ಕಿತ್ತುಕೊಂಡ ಹಾಗೆ ಬರೆದಿದ್ದೀರಿ ಅಂತ. ಪೂರ್ತಿ ಓದಿದ ಮೇಲೆ ಸಿಟ್ಟು ಇಳಿಯಿತು.

30ರಂದು ನಾನು ಬಸವನಗುಡಿ ನ್ಯಾಷನಲ್ ಕಾಲೇಜು ಮೈದಾನದಲ್ಲಿದ್ದೆ. ಆ ನೂಕುನುಗ್ಗಲು, ಕಲ್ಲು ತೂರಾಟ, ಲಾಠಿ, ಎಲ್ಲ ಕಣ್ಣಾರೆ ನೋಡಿದೆ. ಅದನ್ನು ಇಲ್ಲಿ ಬರೆಯಲ್ಲ, ನೀವು ಕೇಳಿದ್ದು ಅದಲ್ಲ. ಆದರೆ ಒಂದು ವಿಷಯ. ಅಶ್ವತ್ಥ್ ಓದಿದ್ದು ಅದೇ ನ್ಯಾಷನಲ್ ಕಾಲೇಜಿನಲ್ಲಿ. ಯಜಮಾನರೂ ಅದೇ ಕಾಲೇಜು. ಇದು ನನಗೆ ಗೊತ್ತಾಗಿದ್ದು ಎಷ್ಟೋ ವರ್ಷ ಆದ ಮೇಲೆ. ಆ ಮೈದಾನದ ಮುಂದೆ ಹೋದಾಗೆಲ್ಲ ಈಗ ಇಬ್ಬರೂ ನೆನಪಾಗುತ್ತಾರೆ.

29ರ ರಾತ್ರಿ ನಾನೇನು ಮಾಡುತ್ತಿದ್ದೆ? ಟಿವಿಯಲ್ಲಿ ಅಶ್ವತ್ಥ್ ಹಾಡು ಹಾಕುತ್ತಿದ್ದರು, ಊಟ ಮಾಡುತ್ತ ನೋಡುತ್ತಿದ್ದೆ. ‘ಸೋರುತಿಹುದು ಮನೆಯ ಮಾಳಿಗಿ’ ಬಂತು. ನಮ್ಮಮ್ಮ ತಟ್ಟೆ ಹಿಡಿದು ನಿಂತೇ ಕೇಳಿದರು, ಮುಗಿಯುವವರೆಗೂ ಕೂರಲಿಲ್ಲ. ಯಾಕಮ್ಮಾ ಅಂದೆ. ‘ಇದು ಕೂತು ಕೇಳೋ ಹಾಡಲ್ಲ ಕಣೋ’ ಅಂದರು. ಅದು ನನ್ನ 29. ಬರೆದಿಟ್ಟುಕೊಳ್ಳಿ.

ಹಳೇ ಕ್ಯಾಸೆಟ್

ಬರೆದಿಟ್ಟುಕೊಂಡೆ ಅಣ್ಣಾ. ತುಂಬಾ ಥ್ಯಾಂಕ್ಸ್.

ತೀರ್ಥಹಳ್ಳಿ ಮೇಷ್ಟ್ರು

ಇಷ್ಟು ಜನ ಬರೆದರೂ ಒಂದು ಮಾತು ಯಾರೂ ಎತ್ತಲಿಲ್ಲ. ಡಿಸೆಂಬರ್ 29 ಕುವೆಂಪು ಅವರ ಜನ್ಮದಿನವೂ ಹೌದು. 1904ರ ಡಿಸೆಂಬರ್ 29. ನಮ್ಮ ತಾಲ್ಲೂಕಿನಲ್ಲಿ ಅದು ಹಬ್ಬ. ಶಾಲೆ ಶಾಲೆಯಲ್ಲೂ ಪದ್ಯ ಹಾಡಿಸುತ್ತೇವೆ, ಆದವರು ಕುಪ್ಪಳಿಗೆ ಹೋಗುತ್ತಾರೆ, ಕವಿಶೈಲದಲ್ಲಿ ಸಮಾಧಿಗೆ ಹೂವಿಟ್ಟು ಬರುತ್ತಾರೆ.

2009ರಲ್ಲಿ ನಮ್ಮ ಶಾಲೆಯ ಮಕ್ಕಳಿಗೆ ‘ಎಲ್ಲಾದರು ಇರು, ಎಂತಾದರು ಇರು’ ಕಲಿಸಿದ್ದೆ. ಹೇಗೆ ಕಲಿಸಿದ್ದು ಅಂದರೆ ಅಶ್ವತ್ಥ್ ಹಾಡಿದ ಸಿಡಿ ಹಾಕಿ. ‘ಕನ್ನಡವೇ ಸತ್ಯ’ ಅನ್ನುವ ಹೆಸರು ಬಂದಿದ್ದೇ ಆ ಪದ್ಯದಿಂದ. ಕಾರ್ಯಕ್ರಮ ಮುಗಿದು ಮಕ್ಕಳಿಗೆ ಸಿಹಿ ಹಂಚುತ್ತಿದ್ದಾಗ ಊರಿನವರೊಬ್ಬರು ಬಂದು ಸುದ್ದಿ ಹೇಳಿದರು. ಕೈಯಲ್ಲಿ ಸಿಹಿ ತಟ್ಟೆ ಇತ್ತು. ಮಕ್ಕಳಿಗೆ ಹೇಳುವುದೋ ಬಿಡುವುದೋ ತಿಳಿಯಲಿಲ್ಲ. ಹೇಳಿದೆ. ಐದನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದು ‘ಸಾರ್, ಅವರದ್ದೂ ಹುಟ್ಟಿದಬ್ಬ ಇವತ್ತೇನಾ, ಹಂಗಾರೆ ಇನ್ನೊಂದ್ಸಲ ಹಾಡಾಣ’ ಅಂದಳು. ಹಾಡಿದರು. ಇನ್ನೊಂದು ಸಲ, ಮೊದಲಿಗಿಂತ ಗಟ್ಟಿಯಾಗಿ.

ಹಾಗಾಗಿ ಹಳೇ ಕ್ಯಾಸೆಟ್ ಅವರೇ, ಆ ದಿನ ಪೂರ್ತಿ ಕಳೆದುಹೋಗಿದೆ ಅನ್ನುವುದನ್ನು ನಾನು ಒಪ್ಪಲ್ಲ. ನಮ್ಮ ಕಡೆ ಪ್ರತಿ ವರ್ಷ 29ಕ್ಕೆ ಕುವೆಂಪು ಪದ್ಯ ಹಾಡುತ್ತಾರೆ, ಹೆಚ್ಚಿನ ಕಡೆ ಅಶ್ವತ್ಥ್ ಹಾಡಿಕೊಟ್ಟ ಹಾಗೇ ಹಾಡುತ್ತಾರೆ. ಹೆಸರು ಹೇಳಿ ಹಾರ ಹಾಕದಿದ್ದರೂ ಅವರನ್ನು ಬಿಟ್ಟು ಆ ದಿನ ನಡೆಯುವುದಿಲ್ಲ.

ಹಳೇ ಕ್ಯಾಸೆಟ್

ಸಾರ್, ಈ ಕಡೆಯಿಂದ ನಾನು ಯೋಚನೆ ಮಾಡಿರಲೇ ಇಲ್ಲ. ಆದರೆ ಒಂದು ಕೋರಿಕೆ. ಈ ಸಲ ಮಕ್ಕಳು ಹಾಡುವ ಮೊದಲು ಅವರ ಹೆಸರನ್ನೂ ಹೇಳಿಸಿ. ಪದ್ಯ ಕುವೆಂಪು ಅವರದ್ದು, ಹಾಡಿಕೊಟ್ಟವರು ಸಿ. ಅಶ್ವತ್ಥ್, ಅಷ್ಟು ಸಾಕು. ಹೇಳದಿದ್ದರೆ ಇನ್ನು ಸ್ವಲ್ಪ ವರ್ಷಕ್ಕೆ ಅದು ಯಾರದ್ದೂ ಅಲ್ಲದ ಹಾಡಾಗುತ್ತದೆ.

ತೀರ್ಥಹಳ್ಳಿ ಮೇಷ್ಟ್ರು

ಖಂಡಿತ ಹೇಳಿಸುತ್ತೇನೆ. ನಾನೀಗ ನಿವೃತ್ತ, ಆದರೆ ಶಾಲೆಯವರು ನನ್ನ ಮಾತು ಕೇಳುತ್ತಾರೆ.

ಸ್ಯಾನ್ ಹೊಸೆ ಕನ್ನಡತಿ

ನಾನು ಆಗ ಹೊಸದಾಗಿ ಇಲ್ಲಿಗೆ ಬಂದಿದ್ದೆ. ಹೊತ್ತಿನ ವ್ಯತ್ಯಾಸದಿಂದ ನನಗೆ 29, 30 ಅನ್ನೋದು ಬೇರೆಬೇರೆ ಆಗಿ ಬರಲೇ ಇಲ್ಲ. ಬೆಳಿಗ್ಗೆ ಎದ್ದು ನ್ಯೂಸ್ ಸೈಟ್ ತೆಗೆದರೆ ಅಶ್ವತ್ಥ್. ಅವತ್ತೇ ಮಧ್ಯಾಹ್ನ ಮತ್ತೆ ತೆಗೆದರೆ ವಿಷ್ಣು. ಊರಿಗೆ ಫೋನ್ ಮಾಡಿದರೆ ಲೈನು ಸಿಗಲ್ಲ, ಸಿಕ್ಕರೂ ಗಲಾಟೆ, ಬಸ್ಸಿಲ್ಲ ಅಂತಷ್ಟೇ ಹೇಳುತ್ತಾರೆ.

ನನಗೆ ಅಶ್ವತ್ಥ್ ಅಂದರೆ ಅತ್ತೆ ಮನೆಗೆ ಬಂದ ಹೊಸದು. ನಮ್ಮತ್ತೆಗೆ ‘ಮೈಸೂರು ಮಲ್ಲಿಗೆ’ ಸಿನಿಮಾ ಹಾಡು ಪ್ರಾಣ. ರೊಟ್ಟಿ ತಟ್ಟುವಾಗ ರತ್ನಮಾಲಾ ಪ್ರಕಾಶ್ ದನಿಯ ಭಾಗ ಅತ್ತೆ ಹಾಡೋರು, ಅಶ್ವತ್ಥ್ ಭಾಗ ಬಂದಾಗ ನಿಲ್ಲಿಸಿ ನನ್ನ ಕಡೆ ನೋಡೋರು, ನಾನು ಹಾಡಬೇಕು. ಹಾಗೆ ನಮ್ಮಿಬ್ಬರಿಗೆ ಸಲುಗೆ ಬೆಳೆದಿದ್ದು. ಆ ದಿನ ಫೋನ್ ಸಿಕ್ಕ ತಕ್ಷಣ ಅತ್ತೆ ಕೇಳಿದ ಮೊದಲ ಮಾತು, ‘ನಿನ್ ಭಾಗ ಇನ್ನು ಯಾರೇ ಹೇಳ್ಕೊಡ್ತಾರೆ?’ ಅದಕ್ಕೆ ಏನು ಉತ್ತರ ಕೊಡೋದು. ಇಬ್ಬರೂ ಫೋನ್ ಹಿಡಿದು ಅತ್ತೆವು.

ಮೊನ್ನೆ ಹುಟ್ಟಿದವ

ನಮಸ್ಕಾರ ಎಲ್ಲರಿಗೂ. ಅವರು ಹೋದಾಗ ನನಗೆ ಐದು ವರ್ಷ, ನೆನಪು ಅಂತ ಏನೂ ಇಲ್ಲ. ಹಾಡು ಮಾತ್ರ ಗೊತ್ತು. ನಿಜ ಹೇಳಬೇಕಂದ್ರೆ ರೀಲ್ಸಲ್ಲಿ ಕೇಳಿ, ಯಾರಪ್ಪಾ ಈ ದನಿ ಅಂತ ಹುಡುಕಿಕೊಂಡು ಬಂದೆ. ಎಲ್ಲಿಂದ ಶುರು ಮಾಡಲಿ ಹೇಳಿ. ಇನ್ನೊಂದು ಪ್ರಶ್ನೆ, ಷರೀಫರ ಹಾಡುಗಳಲ್ಲಿ ಅಶ್ವತ್ಥ್ ಅಲ್ಲದ ಇನ್ನೊಂದು ಗಟ್ಟಿ ದನಿ ಇದೆಯಲ್ಲ, ಅದು ಯಾರದು?

ತಬಲಾ ಕೈ

ಬಾ ತಮ್ಮಾ. ಮೊದಲು ‘ಕಾಕನ ಕೋಟೆ’ಯ ‘ನೇಸರ ನೋಡು’ ಕೇಳು. ಸಿ.ಆರ್. ಸಿಂಹ ನಿರ್ದೇಶನದ ಸಿನಿಮಾ, ಮಾಸ್ತಿಯವರ ನಾಟಕ. ಅಶ್ವತ್ಥ್ ಸಿನಿಮಾ ಸಂಗೀತ ಶುರುವಾಗಿದ್ದು ಅಲ್ಲಿಂದ. ಆಮೇಲೆ ‘ಸಂತ ಶಿಶುನಾಳ ಷರೀಫ’ ಸಿನಿಮಾ ನೋಡು, 1990ರದ್ದು, ಟಿ.ಎಸ್. ನಾಗಾಭರಣ ನಿರ್ದೇಶನ. ಶ್ರೀಧರ್ ಷರೀಫರಾಗಿ, ಗಿರೀಶ್ ಕಾರ್ನಾಡ್ ಗುರು ಗೋವಿಂದ ಭಟ್ಟರಾಗಿ ಇದ್ದಾರೆ. ಹಾಡನ್ನು ಸುಮ್ನೆ ಕೇಳುವುದಕ್ಕಿಂತ ಅಲ್ಲಿ ಗುರು ಶಿಷ್ಯರ ನಡುವೆ ಇಟ್ಟು ಕೇಳಿದರೆ ಬೇರೆಯೇ. ಅದು ಮುಗಿಸಿ ‘ಚಿನ್ನಾರಿ ಮುತ್ತ’, ‘ನಾಗಮಂಡಲ’. ಭಾವಗೀತೆ ಕೊನೆಗೆ ಇಟ್ಟುಕೋ, ಅದನ್ನು ಕೇಳುವಾಗ ಪಕ್ಕದಲ್ಲಿ ಪದ್ಯದ ಪುಸ್ತಕ ಇರಲಿ.

ನೀನು ಕೇಳಿದ ಇನ್ನೊಂದು ದನಿ ಶಿವಮೊಗ್ಗ ಸುಬ್ಬಣ್ಣ ಅವರದ್ದು ಇರಬೇಕು. ನಮ್ಮೂರಿನವರು. ‘ಕಾಡು ಕುದುರೆ’ ಹಾಡಿಗೆ ರಾಷ್ಟ್ರಪ್ರಶಸ್ತಿ ತಂದವರು, ಆ ಹಾಡಿನ ಸಂಗೀತ ಚಂದ್ರಶೇಖರ ಕಂಬಾರರದ್ದು. ಅಶ್ವತ್ಥ್ ಸಂಯೋಜನೆಯಲ್ಲಿ ಸುಬ್ಬಣ್ಣ ಹಾಡಿದ ಷರೀಫರ ಪದಗಳು ಬೇಕಾದಷ್ಟಿವೆ.

ಶಿಗ್ಗಾವಿಯಾಕಿ

ತಮ್ಮಾ, ಕ್ಯಾಸೆಟ್ ಕೇಳಿದ ಮೇಲೆ ಒಮ್ಮೆ ಶಿಶುನಾಳಕ್ಕೂ ಬಾ. ಭಜನಿ ಕೇಳು. ರಾತ್ರಿ ನಿದ್ದೆಗೆಡಬೇಕಾಗುತ್ತದೆ, ತಯಾರಿರು. ನಮ್ಮಜ್ಜ ಈಗಿಲ್ಲ, ಅರ್ಥ ಹೇಳಲು ಅಪ್ಪ ಇದ್ದಾರೆ.

ಮೊನ್ನೆ ಹುಟ್ಟಿದವ

ಬರ್ತೀನಿ ಅಕ್ಕಾ, ನಿಜವಾಗಲೂ. ಸುಬ್ಬಣ್ಣ ಅವರು ಈಗ ಎಲ್ಲಿದ್ದಾರೆ?

ತಬಲಾ ಕೈ

ಇಲ್ಲಪ್ಪ. 2022ರ ಆಗಸ್ಟ್ 11ಕ್ಕೆ ಹೋದರು. ಆ ದಿನದ ಬಗ್ಗೆ ನನಗೆ ಬರೆಯುವುದು ತುಂಬಾ ಇದೆ.

ಹಳೇ ಕ್ಯಾಸೆಟ್

ಬರೆಯಿರಿ, ಆದರೆ ಇಲ್ಲಿ ಬೇಡ. ಅವರಿಗೆ ಬೇರೆ ಎಳೆ ತೆರೆಯೋಣ, ಅವರ ದಿನ ಅವರಿಗೇ ಇರಲಿ. ಇಲ್ಲಿ 29ರ ನೆನಪು ಇನ್ನೂ ಇರುವವರು ಮುಂದುವರಿಸಿ.